ಕೆರೆ ಹರಾಜಿನಲ್ಲಿ ಮೀನಿನ ಲೆಕ್ಕವೂ ಇರಲಿ

ಮಾನ್ಯರೇ,

ನಮ್ಮೂರ ಕೆರೆಯ ಮೀನು ಪಾಶುವಾರು ಹಕ್ಕಿನ (ಮೀನು ಸಾಕಿ ಹಿಡಿಯುವ ಹಕ್ಕಿನ) ಹರಾಜು ಪ್ರಕಟಣೆಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿ ವಾರವಾಯಿತು. ಸವಾಲಿನ ಮೊತ್ತ, ಠೇವಣಿ, ಹಣ ಕಟ್ಟಬೇಕಾದ ದಿನ ಎಲ್ಲವೂ ಅದರಲ್ಲಿದೆ. ಯಾವ ಮೀನು ಬಿಡಬೇಕು, ಎಷ್ಟುದ್ದದ ಮರಿ ಬಿಡಬೇಕು, ಯಾವಾಗ ಬಿಡಬೇಕು ಎಂಬುದಕ್ಕೆ ಒಂದಕ್ಷರವಿಲ್ಲ.

ಕಳೆದ ವರ್ಷ ಹರಾಜು ಮುಗಿದದ್ದೇ ಗಣೇಶನ ಹಬ್ಬ ಕಳೆದ ಮೇಲೆ. ಗುತ್ತಿಗೆ ಒಂದೇ ವರ್ಷದ್ದು. ಹಿಡಿದವರು ಮಾಡಿದ್ದೂ ಅದಕ್ಕೆ ತಕ್ಕಂತೆಯೇ: ಬೇಗ ತೂಕ ಬರುವ ಕಾಟ್ಲಾ ಒಂದನ್ನೇ, ಅದೂ ಉಗುರುದ್ದದ ಮರಿಗಳನ್ನು, ಚೀಲ ಬಿಚ್ಚಿ ಸುರಿದು ಹೋದರು. ಚೀಲವನ್ನು ಕಾಲು ಗಂಟೆ ನೀರಲ್ಲಿ ತೇಲಿಬಿಟ್ಟು, ಒಳಗಿನ ನೀರಿನ ಬಿಸಿ ಹೊರಗಿನದಕ್ಕೆ ಹೊಂದಲಿ ಎಂದು ಕಾಯುವಷ್ಟೂ ವ್ಯವಧಾನವಿರಲಿಲ್ಲ. ಮರಿ ತಿನ್ನುವ ಕೆರೆಯ ಕೊರವ ಮೀನುಗಳಿಗೆ ಅಂದು ಹಬ್ಬವೋ ಹಬ್ಬ. ಬೇಸಿಗೆಯಲ್ಲಿ ಬಲೆ ಎಳೆದರೆ ಮೀನಿಗಿಂತ ಕಳೆಯೇ ಜಾಸ್ತಿ ಬಂತು. ನಾನು ಅವರನ್ನು ದೂರುವುದಿಲ್ಲ. ಒಂದು ವರ್ಷದ ಗುತ್ತಿಗೆ ಕೊಟ್ಟವರು ಇನ್ನೇನು ನಿರೀಕ್ಷಿಸಿದ್ದರು?

ಕೆರೆ ಎಂದರೆ ಮೂರಂತಸ್ತಿನ ಮನೆ ಇದ್ದಂತೆ. ಮೇಲ್ಮಟ್ಟದ ಸೂಕ್ಷ್ಮಜೀವಿಗಳನ್ನು ಕಾಟ್ಲಾ ತಿನ್ನುತ್ತದೆ, ಹಸಿರು ಪಾಚಿಯನ್ನು ಬೆಳ್ಳಿಗೆಂಡೆ ಸೋಸಿಕೊಳ್ಳುತ್ತದೆ. ನಡುಮಟ್ಟ ರೋಹುವಿನದು. ತಳದಲ್ಲಿ ಕೊಳೆತದ್ದನ್ನೆಲ್ಲ ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಮೇಯುತ್ತವೆ. ಹುಲ್ಲುಗೆಂಡೆಯದು ಇನ್ನೊಂದು ಚಂದ: ನೀರೊಳಗಿನ ಎಳೆ ಕಳೆಯನ್ನು ಹೊಟ್ಟೆಬಾಕನಂತೆ ತಿಂದು ಅರ್ಧವನ್ನು ಜೀರ್ಣವಾಗದಂತೆಯೇ ಹೊರಹಾಕುತ್ತದೆ, ಆ ಹಿಕ್ಕೆಯೇ ಪಾಚಿಗೆ ಗೊಬ್ಬರ, ತಳದ ಮೀನಿಗೆ ಮೇವು. ಕಾಟ್ಲಾ ಒಂದನ್ನೇ ಬಿಟ್ಟರೆ ಎರಡಂತಸ್ತು ಖಾಲಿ ಬಿಟ್ಟು ಪೂರ್ತಿ ಮನೆಯ ಬಾಡಿಗೆ ಕಟ್ಟಿದಂತೆ. (ಜೊಂಡು, ಅಂತರಗಂಗೆಯನ್ನೂ ಹುಲ್ಲುಗೆಂಡೆ ತಿಂದು ಮುಗಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದನ್ನು ನಾವೇ ಸೊಂಟ ಬಗ್ಗಿಸಿ ಎಳೆಯಬೇಕು.)

ಇದು ಪುಸ್ತಕದ ಮಾತಲ್ಲ. ನನ್ನ ಅರ್ಧ ಎಕರೆ ಹೊಂಡಕ್ಕೆ ಆರೂ ಜಾತಿ ಸೇರಿ 1,000 ಮರಿ ಬಿಡುತ್ತೇನೆ: ಕಾಟ್ಲಾ, ರೋಹು ತಲಾ 250, ಮೃಗಾಲ್, ಸಾಮಾನ್ಯ ಗೆಂಡೆ ತಲಾ 150, ಉಳಿದೆರಡು ನೂರು ನೂರು. ಮೊದಲ ವರ್ಷ ಅಗ್ಗಕ್ಕೆ ಸಿಕ್ಕಿತೆಂದು ಸಾಮಾನ್ಯ ಗೆಂಡೆಯನ್ನೇ ಹೆಚ್ಚು ಬಿಟ್ಟು ಕೆಟ್ಟೆ. ಅದು ಹಂದಿಯಂತೆ ಕೆಸರು ಕೆದಕಿ, ಏರಿಯ ಬುಡ ಕೊರೆದು, ನೀರನ್ನೆಲ್ಲ ರಾಡಿ ಮಾಡಿತು. ಈಗ ಬೆಳಿಗ್ಗೆ ಹೊಂಡಕ್ಕಿಳಿದು ಮೊಣಕೈವರೆಗೆ ಕೈ ಮುಳುಗಿಸಿ ನೋಡುತ್ತೇನೆ. ಅಂಗೈ ಹಸಿರಿನಲ್ಲಿ ಆಗಷ್ಟೇ ಮರೆಯಾದರೆ ಮೇವು ಸಾಕಷ್ಟಿದೆ ಎಂದರ್ಥ. ಸ್ಪಷ್ಟವಾಗಿ ಕಂಡರೆ ಒಂದು ಪುಟ್ಟಿ ಸಗಣಿ. ಮಣಿಕಟ್ಟು ದಾಟುವ ಮೊದಲೇ ಮಾಯವಾದರೆ ಗೊಬ್ಬರ ಬಂದ್. ಮೋಡ ಕವಿದ ದಿನಗಳಲ್ಲಿ ಇದನ್ನು ಮರೆತರೆ ನೀರಿನಲ್ಲಿ ಆಮ್ಲಜನಕ ಸಾಲದೆ ನಸುಕಿನಲ್ಲಿ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತವೆ. ತೌಡು, ಕಡಲೆಕಾಯಿ ಹಿಂಡಿಯನ್ನು ತೂತು ಮಾಡಿದ ಚೀಲದಲ್ಲಿ ಗಳಕ್ಕೆ ಕಟ್ಟಿ ಇಳಿಬಿಡುವುದಷ್ಟೇ ಉಳಿದ ಖರ್ಚು.

ಹಾಗೆಂದು ಸಿಕ್ಕಿದ್ದನ್ನೆಲ್ಲ ಬೆರೆಸುವುದೂ ಅಪಾಯ. 1971ರಲ್ಲಿ ಹಿಮಾಚಲದ ಗೋವಿಂದ ಸಾಗರ ಜಲಾಶಯಕ್ಕೆ ಆಕಸ್ಮಿಕವಾಗಿ ಸೇರಿದ ಬೆಳ್ಳಿಗೆಂಡೆ ಕಾಲಕ್ರಮದಲ್ಲಿ ಅಲ್ಲಿನ ಕಾಟ್ಲಾವನ್ನು ಮೂಲೆಗೊತ್ತಿತು. ಎರಡರ ಊಟದ ತಟ್ಟೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಬೆಳ್ಳಿಗೆಂಡೆಯ ಪಾಲು ಸಣ್ಣದಿರಬೇಕು. ಸರ್ಕಾರ ನಿಷೇಧಿಸಿರುವ ಆಫ್ರಿಕನ್ ಕ್ಯಾಟ್‌ಫಿಶ್ ಅನ್ನಂತೂ ಕೆರೆಯ ಹತ್ತಿರಕ್ಕೂ ಸೇರಿಸಬಾರದು. ಅದು ಹೊಕ್ಕ ನೀರಿನಲ್ಲಿ ನಮ್ಮ ಕೊರವ, ಚೇಳು ಮೀನುಗಳಿಗೆ ಉಳಿಗಾಲವಿಲ್ಲ.

ಮುಖ್ಯ ವಿಷಯ ಕಾಲದ್ದು. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಮೀನು ವಿಜ್ಞಾನಿ ಹೀರಾಲಾಲ್ ಚೌಧರಿ ಮತ್ತು ಸಂಗಡಿಗರು ಹಾರ್ಮೋನ್ ಚುಚ್ಚಿ ಗೆಂಡೆ ಮೀನಿನಿಂದ ಮೊಟ್ಟೆ ಇಡಿಸಿದ್ದರಿಂದಲೇ ಇಂದು ನಮಗೆ ಮರಿ ಇಷ್ಟು ಸುಲಭಕ್ಕೆ ಸಿಗುತ್ತಿರುವುದು. ಆ ದಿನವನ್ನೇ ದೇಶ ಮೀನು ಕೃಷಿಕರ ದಿನವಾಗಿ ಆಚರಿಸುತ್ತದೆ. ಮರಿ ಉತ್ಪಾದನೆಯೂ ಮಳೆಗಾಲದ ಕೆಲಸ. ಹಾಗಿರುವಾಗ ಹರಾಜು ಗಣೇಶನ ಹಬ್ಬ ದಾಟಿದರೆ ಒಳ್ಳೆಯ ಮರಿಯೂ ಕೈ ತಪ್ಪಿತು, ಬೆಳೆಯುವ ತಿಂಗಳುಗಳೂ ಹೋದವು.

40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿರುವ (ನೀರುಣ್ಣುವ ಜಮೀನಿರುವ) ಕೆರೆಗಳ ಹಕ್ಕು ಪಂಚಾಯಿತಿಗಳ ಕೈಯಲ್ಲೇ ಇದೆ. ಆದ್ದರಿಂದ ಅವು ಮೇಲಿನವರ ಆದೇಶಕ್ಕೆ ಕಾಯಬೇಕಿಲ್ಲ. ಹರಾಜು ಮೇ ತಿಂಗಳೊಳಗೆ ಮುಗಿಯಲಿ. ಗುತ್ತಿಗೆ ಹಲವು ವರ್ಷಗಳದ್ದಾಗಲಿ, ಆಗ ನಿಧಾನಕ್ಕೆ ಬೆಳೆಯುವ ಮೀನಿಗೂ ಜಾಗ ಸಿಗುತ್ತದೆ. ಮೂರೂ ಮಟ್ಟದ ಮೀನು, ಬೆರಳುದ್ದಕ್ಕೆ ಕಡಿಮೆಯಿಲ್ಲದ ಮರಿ ಎಂಬುದು ಕರಾರಿನಲ್ಲೇ ಇರಲಿ. ಮರಿ ಬಿಡುವ ದಿನ ಮೀನುಗಾರಿಕೆ ಇಲಾಖೆಯ ಒಬ್ಬರು ಏರಿ ಮೇಲೆ ನಿಂತು ಎಣಿಸಲಿ. ಇದರಿಂದ ಸವಾಲಿನ ಮೊತ್ತ ಇಳಿಯುತ್ತದೆ ಎಂದು ನಮ್ಮ ಸದಸ್ಯರೊಬ್ಬರು ಹೇಳಿದರು. ಮೊದಲ ವರ್ಷ ಇಳಿಯಬಹುದು. ಆದರೆ ಕಳೆದ ಸಲ ಕೂಗಿದವರು ಈ ಸಲ ಅರ್ಜಿಯನ್ನೇ ಹಾಕಿಲ್ಲ ಎಂಬುದನ್ನೂ ಅವರು ಲೆಕ್ಕಕ್ಕೆ ಹಿಡಿಯಬೇಕು.

ನಮ್ಮಲ್ಲಿ ಹರಾಜು ಬರುವ ಸೋಮವಾರ. ಪ್ರಕಟಣೆಯ ಕೆಳಗೆ ಇನ್ನೂ ನಾಲ್ಕು ಸಾಲಿಗೆ ಜಾಗವಿದೆ, ನಾನೇ ಹೋಗಿ ನೋಡಿ ಬಂದಿದ್ದೇನೆ.

— ಒಬ್ಬ ಮೀನು ಸಾಕಣೆದಾರ, ತರೀಕೆರೆ ತಾಲ್ಲೂಕು