ಕಪ್ ಗೆದ್ದ ದುಡ್ಡು ಎಲ್ಲಿಗೆ ಹೋಗುತ್ತದೆ? ಕನೆಕ್ಟಿಕಟ್ ಗವರ್ನರ್ ಅವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಗವರ್ನರ್ ನೆಡ್ ಲಮಾಂಟ್ ಅವರಿಗೆ,

ನಮಸ್ಕಾರ. ನಾನು ಮೈಸೂರು ಕಡೆಯವಳು. ಕನೆಕ್ಟಿಕಟ್‌ಗೆ ಬಂದು ಬಹಳ ವರ್ಷವಾಯಿತು. ಹಾರ್ಟ್‌ಫರ್ಡ್‌ನ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ. ಮಗಳು ಸ್ಟಾರ್ಸ್ ಅನ್ನುವ ಊರಿನಲ್ಲಿ, ನಮ್ಮ ರಾಜ್ಯದ ಯೂನಿವರ್ಸಿಟಿ ಆಫ್ ಕನೆಕ್ಟಿಕಟ್‌ನಲ್ಲಿ (ಯುಕಾನ್) ಓದುತ್ತಿದ್ದಾಳೆ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲೂ ಬರೆದದ್ದು ಇಲ್ಲಿನ ಕನ್ನಡದ ಅಪ್ಪ ಅಮ್ಮಂದಿರು ಓದಲಿ ಅಂತ. ಅವರೂ ಈ ರಾಜ್ಯಕ್ಕೆ ತೆರಿಗೆ ಕಟ್ಟುವವರೇ, ಇದೇ ಯೂನಿವರ್ಸಿಟಿಗೆ ಮಕ್ಕಳನ್ನು ಕಳಿಸುವವರೇ.

ಈ ಪತ್ರ ಶುರುವಾಗಿದ್ದು ನನ್ನ ಅಮ್ಮ ಕೇಳಿದ ಒಂದು ಮಾತಿನಿಂದ. ಹೋದ ಸಲ ಅಮ್ಮ ಊರಿನಿಂದ ಬಂದಿದ್ದಾಗ, ಮೊಮ್ಮಗಳ ಕಾಲೇಜು ತೋರಿಸೋಣ ಅಂತ ಸ್ಟಾರ್ಸ್‌ಗೆ ಕರೆದುಕೊಂಡು ಹೋಗಿದ್ದೆ. ಸೀರೆ ಮೇಲೆ ಸ್ವೆಟರ್, ಅದರ ಮೇಲೆ ಮೊಮ್ಮಗಳ ನೀಲಿ ಕೋಟು. ಕಾರಿನಿಂದ ಇಳಿದ ಕೂಡಲೇ ಸಗಣಿಯ ವಾಸನೆ ಬಂತು. ಅಮ್ಮನ ಮುಖ ಅರಳಿತು. "ಕಾಲೇಜಲ್ಲಿ ದನದ ಕೊಟ್ಟಿಗೆ ಇದೆಯೇನೇ?" ಅಂದರು. ಇದೆ. 1881ರಲ್ಲಿ ಕೃಷಿ ಶಾಲೆಯಾಗಿ ಹುಟ್ಟಿದ ಜಾಗ ಅದು. ಇವತ್ತಿಗೂ ಅಲ್ಲೇ ಹಸು ಸಾಕುತ್ತಾರೆ, ಡೈರಿ ಬಾರ್‌ನಲ್ಲಿ ಐಸ್‌ಕ್ರೀಮ್ ಮಾರುತ್ತಾರೆ. ಅದನ್ನು ತಿಂದು, ಸಂಜೆ ಗ್ಯಾಂಪಲ್ ಪೆವಿಲಿಯನ್‌ಗೆ ಬಾಸ್ಕೆಟ್‌ಬಾಲ್ ನೋಡಲು ಹೋದೆವು.

ಒಳಗೆ 10 ಸಾವಿರ ಜನ. ಗೋಪುರದಂಥ ಆ ಚಾವಣಿಗೆ ಬಡಿದು ಕೂಗು ತಲೆ ಮೇಲೇ ಸುರಿಯುತ್ತದೆ. ಅಮ್ಮನಿಗೆ ಆಟದ ನಿಯಮ ಒಂದೂ ಗೊತ್ತಿಲ್ಲ. ಆದರೂ ಚೆಂಡು ಬುಟ್ಟಿಗೆ ಬಿದ್ದಾಗಲೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಮಧ್ಯದ ಬಿಡುವಿನಲ್ಲಿ ಸುತ್ತ ಒಮ್ಮೆ ಕಣ್ಣು ಹಾಯಿಸಿ ಕೇಳಿದರು: "ಇಷ್ಟೊಂದು ಜನ ದುಡ್ಡು ಕೊಟ್ಟು ಬಂದಿದಾರಲ್ಲೇ. ಹಾಗಾದ್ರೆ ಇವಳ ಫೀಸು ಕಮ್ಮಿ ಆಗ್ಬೇಕಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಹುಡುಕಿ ಓದಿದೆ, ಕೂಡಿ ಕಳೆದು ನೋಡಿದೆ. ಈಗ ನಿಮಗೆ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ನಾನು ಆಟದ ವಿರೋಧಿ ಅಲ್ಲ. 2023ರಲ್ಲಿ ನಮ್ಮ ಹುಡುಗರು ಕಾಲೇಜು ಬಾಸ್ಕೆಟ್‌ಬಾಲ್‌ನ ರಾಷ್ಟ್ರೀಯ ಕಪ್ ಗೆದ್ದರು. 2024ರಲ್ಲಿ ಪರ್ಡ್ಯೂ ತಂಡವನ್ನು 75-60ರಲ್ಲಿ ಸೋಲಿಸಿ ಮತ್ತೆ ಗೆದ್ದರು. ಅದು ಅವರ ಆರನೇ ಕಪ್. 2025ರಲ್ಲಿ ನಮ್ಮ ಹುಡುಗಿಯರು ತಮ್ಮ 12ನೇ ಕಪ್ ತಂದರು. ಮೂರು ಸಲವೂ ನಮ್ಮ ಮನೆಯಲ್ಲಿ ಹಬ್ಬ. 2024ರ ಏಪ್ರಿಲ್‌ನಲ್ಲಿ ಹಾರ್ಟ್‌ಫರ್ಡ್‌ನ ಮೆರವಣಿಗೆಗೂ ಹೋಗಿದ್ದೆವು. ಈ ಪುಟ್ಟ ರಾಜ್ಯದಲ್ಲಿ ಎಲ್ಲರೂ ಒಂದೇ ಬಣ್ಣ ಹಾಕಿಕೊಂಡು ಒಟ್ಟಿಗೆ ಬೀದಿಗೆ ಇಳಿಯುವುದು ಆ ದಿನ ಮಾತ್ರ. ಅದಕ್ಕೆ ಬೆಲೆ ಕಟ್ಟಲು ನಾನು ಹೋಗುವುದಿಲ್ಲ.

ಆದರೆ "ತಂಡ ಗೆದ್ದರೆ ಯೂನಿವರ್ಸಿಟಿಗೆ ದುಡ್ಡು ಬರುತ್ತದೆ" ಅನ್ನುವ ಮಾತು ಬಂದಾಗ ಬೆಲೆ ಕಟ್ಟಲೇಬೇಕು. ಆ ಮಾತನ್ನು ನಂಬಿ ಬಜೆಟ್ ಮಾಡುವವರು ಇದ್ದಾರೆ.

ಒಂದು ಗೆಲುವಿನ ದುಡ್ಡನ್ನೇ ಹಿಂಬಾಲಿಸಿ ನೋಡೋಣ. ಎನ್‌ಸಿಎಎ (ದೇಶದ ಕಾಲೇಜು ಆಟಗಳನ್ನು ನಡೆಸುವ ಸಂಸ್ಥೆ) ಮಾರ್ಚ್ ತಿಂಗಳಲ್ಲಿ ನಡೆಸುವ ಗಂಡಸರ ಟೂರ್ನಿಯ ಟಿವಿ ಹಕ್ಕಿಗೆ 2025ರಿಂದ ವರ್ಷಕ್ಕೆ ಸುಮಾರು 110 ಕೋಟಿ ಡಾಲರ್ ಬರುತ್ತದೆ. ಅದರಲ್ಲಿ ಒಂದು ಭಾಗವನ್ನು "ಯೂನಿಟ್" ಲೆಕ್ಕದಲ್ಲಿ ಹಂಚುತ್ತಾರೆ. ಟೂರ್ನಿಯಲ್ಲಿ ಆಡಿದ ಒಂದೊಂದು ಪಂದ್ಯಕ್ಕೂ ಒಂದು ಯೂನಿಟ್. ಒಂದು ಯೂನಿಟ್‌ಗೆ ಆರು ವರ್ಷದಲ್ಲಿ ಒಟ್ಟು ಸುಮಾರು 20 ಲಕ್ಷ ಡಾಲರ್. ನಮ್ಮ ಹುಡುಗರು ಗೆದ್ದ 2023, 2024ರಲ್ಲಿ ಫೈನಲ್‌ಗೆ ಮಾತ್ರ ಯೂನಿಟ್ ಇರಲಿಲ್ಲ. ಅಂದರೆ ನಾವೆಲ್ಲ ಸೋಫಾದಿಂದ ಎದ್ದು ಕುಣಿದ ಆ ರಾತ್ರಿಗೆ ಈ ಲೆಕ್ಕದಲ್ಲಿ ಒಂದು ಡಾಲರೂ ಸಿಗಲಿಲ್ಲ. ಹಾಗಾಗಿ ಆಗ ಕಪ್ ಗೆದ್ದ ತಂಡ ಗಳಿಸಿದ್ದು ಐದು ಯೂನಿಟ್, ಸುಮಾರು 1 ಕೋಟಿ ಡಾಲರ್.

ಆ ಕೋಟಿಯೂ ನೇರವಾಗಿ ಸ್ಟಾರ್ಸ್‌ಗೆ ಬರುವುದಿಲ್ಲ. ತಂಡ ಆಡುವ ಕಾನ್ಫರೆನ್ಸ್‌ಗೆ, ಅಂದರೆ ಒಟ್ಟಿಗೆ ಆಡುವ ಕಾಲೇಜುಗಳ ಕೂಟಕ್ಕೆ, ಹೋಗುತ್ತದೆ. ನಾವಿರುವ ಬಿಗ್ ಈಸ್ಟ್‌ನಲ್ಲಿ 11 ಕಾಲೇಜುಗಳಿವೆ. ಸಮವಾಗಿ ಹಂಚಿದರೆ ನಮ್ಮ ಪಾಲಿಗೆ ಆರು ವರ್ಷಕ್ಕೆ ಸುಮಾರು 9 ಲಕ್ಷ, ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್. ಎರಡನೇ ಸಲ ಗೆದ್ದ ಕೆಲವೇ ತಿಂಗಳಲ್ಲಿ ಹುಡುಗರ ತಂಡದ ಕೋಚ್ ಡ್ಯಾನ್ ಹರ್ಲಿ ಅವರ ಜೊತೆ ಆದ ಒಪ್ಪಂದ ಆರು ವರ್ಷಕ್ಕೆ 5 ಕೋಟಿ ಡಾಲರ್. ಅವರ ಯೋಗ್ಯತೆ ಬಗ್ಗೆ ನನಗೆ ಅನುಮಾನವಿಲ್ಲ. ಲಾಸ್ ಏಂಜಲೀಸ್ ಲೇಕರ್ಸ್ ಅನ್ನುವ ವೃತ್ತಿಪರ ತಂಡ ಕರೆದರೂ ಹೋಗದೆ ಇಲ್ಲೇ ಉಳಿದವರು. ಆದರೂ ಆ ಎರಡು ಮೊತ್ತಗಳನ್ನು ಪಕ್ಕಪಕ್ಕ ಬರೆದು ನೋಡಿದಾಗ ನನ್ನ ಪೆನ್ನು ಅಲ್ಲೇ ನಿಂತಿತು.

ಹುಡುಗಿಯರ ವಿಷಯ ಇನ್ನೂ ನೋವಿನದು. ಹೆಂಗಸರ ಟೂರ್ನಿಗೆ ಯೂನಿಟ್ ಅನ್ನುವುದು ಬಂದದ್ದೇ 2025ರಲ್ಲಿ. ಅದಕ್ಕೂ ಮೊದಲು ಕೋಚ್ ಜೀನೊ ಆರಿಯೆಮಾ ಅವರ ಹುಡುಗಿಯರು ಗೆದ್ದ 11 ಕಪ್‌ಗಳಿಗೆ ಆ ನಿಧಿಯಿಂದ ಸಿಕ್ಕಿದ್ದು ಸೊನ್ನೆ.

ಟಿಕೆಟ್, ಟಿ-ಶರ್ಟ್, ಜಾಹೀರಾತಿನ ದುಡ್ಡು ಬರುತ್ತದೆ, ನಿಜ. ದಾನಿಗಳೂ ಕೊಡುತ್ತಾರೆ. ಆದರೆ ಆಟಕ್ಕೇ ಅಂತ ಬರೆದು ಕೊಟ್ಟ ದಾನವನ್ನು ಲೈಬ್ರರಿಗೆ ಬಳಸುವ ಹಾಗಿಲ್ಲ. ಬಂದದ್ದೆಲ್ಲ ಸೇರಿಸಿದರೂ ಖರ್ಚಿಗೆ ಸಾಕಾಗುವುದಿಲ್ಲ. 2021ರ ಹಣಕಾಸು ವರ್ಷದಲ್ಲಿ ಕ್ರೀಡಾ ವಿಭಾಗಕ್ಕೆ ಬಿದ್ದ ಕೊರತೆ 4 ಕೋಟಿ 72 ಲಕ್ಷ ಡಾಲರ್. ಮುಂದಿನ ವರ್ಷ ಸುಮಾರು 5 ಕೋಟಿ 30 ಲಕ್ಷ. ಮೊದಲನೆಯದು ಕೋವಿಡ್ ವರ್ಷ, ಸ್ಟೇಡಿಯಂ ಖಾಲಿ ಇತ್ತು, ಒಪ್ಪುತ್ತೇನೆ. ಆದರೆ ಕೋವಿಡ್‌ಗೆ ಮೊದಲೂ ವರ್ಷಕ್ಕೆ 4 ಕೋಟಿಗಿಂತ ಜಾಸ್ತಿಯೇ ಕೊರತೆ ಇತ್ತು. ಕಪ್ ಗೆದ್ದ ವರ್ಷಗಳಲ್ಲೂ ಯೂನಿವರ್ಸಿಟಿ ತನ್ನ ಕೈಯಿಂದ ಕೋಟಿಗಟ್ಟಲೆ ಹಾಕಿಯೇ ಲೆಕ್ಕ ಸರಿದೂಗಿಸಿದೆ.

ಒಂದೊಂದೇ ಆಟವಾಗಿ ನೋಡಿದರೆ ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಅಮೆರಿಕನ್ ಫುಟ್‌ಬಾಲ್‌ನದು (ನಮ್ಮೂರಿನ ಫುಟ್‌ಬಾಲ್ ಅಲ್ಲ), ಬಾಸ್ಕೆಟ್‌ಬಾಲ್‌ನದಲ್ಲ. ಅಮೆರಿಕದಲ್ಲಿ ಕಾಲೇಜು ಆಟಕ್ಕೆ ಟಿವಿಯವರು ರಾಶಿ ದುಡ್ಡು ಸುರಿಯುವುದು ಫುಟ್‌ಬಾಲ್‌ಗೆ. ಬಾಸ್ಕೆಟ್‌ಬಾಲ್‌ನಲ್ಲಿ ದೇಶಕ್ಕೇ ಮೊದಲಿಗರಾದರೂ ಆ ರಾಶಿ ನಮ್ಮ ಕೈಗೆ ಸಿಗಲಿಲ್ಲ. ಬಾಸ್ಕೆಟ್‌ಬಾಲ್‌ಗೆ ಒಳ್ಳೆಯದು ಅಂತ 2020ರಲ್ಲಿ ಬಿಗ್ ಈಸ್ಟ್‌ಗೆ ಮರಳಲು ಹಳೆಯ ಕಾನ್ಫರೆನ್ಸ್‌ಗೆ 1 ಕೋಟಿ 70 ಲಕ್ಷ ಡಾಲರ್ ಕಟ್ಟಬೇಕಾಯಿತು.

ಗೆಲುವಿಗೆ ಒಂದು ಬಾಕಿಯೂ ಇರುತ್ತದೆ, ಆಮೇಲೆ ಬರುವಂಥದ್ದು. 2014ರಲ್ಲಿ ಕೆವಿನ್ ಆಲಿ ಕೋಚ್ ಆಗಿದ್ದಾಗ ಕಪ್ ಬಂತು. 2018ರಲ್ಲಿ ಅವರನ್ನು ತೆಗೆದರು. ಜಗಳ ಮಧ್ಯಸ್ಥರ ಮುಂದೆ ಹೋಗಿ, ಕೊನೆಗೆ 2022ರಲ್ಲಿ ಅವರಿಗೆ ಒಟ್ಟು ಸುಮಾರು ಒಂದೂವರೆ ಕೋಟಿ ಡಾಲರ್ ಕೊಡಬೇಕಾಯಿತು. ಅದೇ 2014ರ ತಂಡದ ಮುಖ್ಯ ಆಟಗಾರ ಶಬಾಜ್ ನೇಪಿಯರ್, ಕೆಲವು ರಾತ್ರಿ ಹಸಿದುಕೊಂಡೇ ಮಲಗುತ್ತೇನೆ ಅಂತ ಪತ್ರಕರ್ತರ ಮುಂದೆ ಹೇಳಿದ್ದ. ಅದನ್ನು ಓದಿದಾಗ ನನಗೆ ಅನ್ನ ಇಳಿಯಲಿಲ್ಲ. ಕೋಟಿಗಳ ಆಟ ಆಡುವ ಹುಡುಗನ ಹೊಟ್ಟೆಗೆ ಅನ್ನ ಇಲ್ಲ. ಆ ವರ್ಷದ ಏಪ್ರಿಲ್‌ನಲ್ಲೇ ಎನ್‌ಸಿಎಎ, ಕಾಲೇಜು ಆಟಗಾರರಿಗೆ ಕೊಡಬಹುದಾದ ಊಟದ ಮಿತಿಯನ್ನು ತೆಗೆಯಿತು. ಈಗಂತೂ ಕಾಲ ಬದಲಾಗಿದೆ. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ಒಪ್ಪಂದದ ಪ್ರಕಾರ ಒಂದು ಕಾಲೇಜು ತನ್ನ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು, ಮೊದಲ ವರ್ಷಕ್ಕೆ ಮಿತಿ 2 ಕೋಟಿ 5 ಲಕ್ಷ ಡಾಲರ್. ಕೊಡಲಿ. ಬೆವರು ಅವರದು. ಆದರೆ ಅದು ಯಾವ ಡಬ್ಬಿಯಿಂದ ಬರುತ್ತದೆ ಅನ್ನುವುದು ನಮಗೆ ಗೊತ್ತಾಗಬೇಕು.

ಇನ್ನು ಅರ್ಜಿಗಳ ವಿಷಯ. ತಂಡ ಗೆದ್ದರೆ ಓದಲು ಬರುವವರು ಜಾಸ್ತಿಯಾಗುತ್ತಾರೆ ಅನ್ನುವುದು ಸುಳ್ಳಲ್ಲ. ಡೆವಿನ್ ಪೋಪ್ ಮತ್ತು ಜೇರನ್ ಪೋಪ್ ಅನ್ನುವ ಅರ್ಥಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಸ್ಕೆಟ್‌ಬಾಲ್‌ನಲ್ಲಿ ಕೊನೆಯ 16ರೊಳಗೆ ಅಥವಾ ಫುಟ್‌ಬಾಲ್‌ನಲ್ಲಿ ಮೊದಲ 20ರೊಳಗೆ ಬಂದ ಕಾಲೇಜುಗಳಿಗೆ ಅರ್ಜಿಗಳು 2ರಿಂದ 8 ಶೇಕಡಾ ಹೆಚ್ಚಿದ್ದು ಕಂಡಿದೆ. ಹೆಸರು ಕೇಳಿರದ ಸಣ್ಣ ಕಾಲೇಜಿಗೆ ಇದು ದೊಡ್ಡ ವರವೇ. 2006ರಲ್ಲಿ ವರ್ಜೀನಿಯಾದ ಜಾರ್ಜ್ ಮೇಸನ್ ಕೊನೆಯ ನಾಲ್ಕರೊಳಗೆ ಬಂದಾಗ ದೇಶವೆಲ್ಲ ಅದರ ಹೆಸರು ಹೇಳಿತು.

ಆದರೆ ಅರ್ಜಿ ಬೇರೆ, ದುಡ್ಡು ಬೇರೆ. ಸ್ಟಾರ್ಸ್‌ನಲ್ಲಿ ಇರುವ ಹಾಸ್ಟೆಲ್ ಇಷ್ಟೇ, ಕ್ಲಾಸು ಇಷ್ಟೇ. ಅರ್ಜಿ ಜಾಸ್ತಿ ಬಂದರೆ ಸೀಟು ಜಾಸ್ತಿ ಆಗುವುದಿಲ್ಲ. ಆಯ್ಕೆ ಬಿಗಿಯಾಗುತ್ತದೆ, ಅಷ್ಟೇ. ಅದರಿಂದ ದುಡ್ಡು ಮಾಡಬೇಕಾದರೆ ಹೊರ ರಾಜ್ಯದ ಮಕ್ಕಳನ್ನು ಜಾಸ್ತಿ ತಗೊಳ್ಳಬೇಕು. ಅವರ ಟ್ಯೂಷನ್ ಫೀಸು ನಮ್ಮ ಮಕ್ಕಳದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಆಗ ನಮ್ಮದೇ ರಾಜ್ಯದ ವಾಟರ್‌ಬರಿಯ, ಬ್ರಿಡ್ಜ್‌ಪೋರ್ಟ್‌ನ ಮಗುವಿಗೆ ಸೀಟು ಸಿಗುವುದು ಕಷ್ಟವಾಗುತ್ತದೆ. ಲಾಭ ಅಂತ ನಾವು ಬರೆದುಕೊಳ್ಳುವ ಸಾಲಿನ ಕೆಳಗೆ ಆ ಮಗುವಿನ ಹೆಸರೂ ಇರುತ್ತದೆ.

ಹಾಗಾದರೆ ಗೆಲುವಿನಿಂದ ಏನೂ ಬರಲಿಲ್ಲವಾ? ಬಂದಿದೆ. ಆ ಕಥೆ ನಮ್ಮ ರಾಜ್ಯದಲ್ಲೇ ನಡೆದಿದೆ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

1995ಕ್ಕೆ ಮೊದಲು ಸ್ಟಾರ್ಸ್‌ನ ಲೈಬ್ರರಿ ಕಟ್ಟಡಕ್ಕೆ ಪ್ಲಾಸ್ಟಿಕ್ ಸುತ್ತಿದ್ದರು. ಹೊರಗೋಡೆಯ ಇಟ್ಟಿಗೆ ಉದುರಿ ಕೆಳಗೆ ಓಡಾಡುವವರ ತಲೆ ಮೇಲೆ ಬೀಳದಿರಲಿ ಅಂತ. 1978ರಲ್ಲಿ ತೆರೆದ ಕಟ್ಟಡ ಅದು, ಹಳೆಯದೇನಲ್ಲ. ಮಕ್ಕಳು ಆ ಪ್ಲಾಸ್ಟಿಕ್ ಹೊದ್ದ ಕಟ್ಟಡದೊಳಗೆ ಕೂತು ಓದುತ್ತಿದ್ದರು. 1995ರ ಚಳಿಗಾಲದಲ್ಲಿ ಹುಡುಗಿಯರ ತಂಡ 35 ಪಂದ್ಯ ಆಡಿ 35ನ್ನೂ ಗೆದ್ದಿತು. ಮೊದಲ ಕಪ್. ಇಡೀ ರಾಜ್ಯಕ್ಕೆ ಆ ಯೂನಿವರ್ಸಿಟಿ ನಮ್ಮದು ಅನ್ನಿಸಿತು. ಅದೇ ವರ್ಷ ಶಾಸನಸಭೆ "ಯುಕಾನ್ 2000" ಕಾನೂನು ಪಾಸು ಮಾಡಿತು. ಹತ್ತು ವರ್ಷಕ್ಕೆ 100 ಕೋಟಿ ಡಾಲರ್. ಲ್ಯಾಬು, ಹಾಸ್ಟೆಲ್, ಕ್ಲಾಸ್‌ರೂಮು ಎದ್ದವು. ಲೈಬ್ರರಿಯ ಪ್ಲಾಸ್ಟಿಕ್ ಹೋಯಿತು. ಆ ಹುಡುಗಿಯರ ಗೆಲುವು ಇಲ್ಲದಿದ್ದರೆ ಆ ಬಿಲ್ ಅಷ್ಟು ಸಲೀಸಾಗಿ ಪಾಸಾಗುತ್ತಿರಲಿಲ್ಲ ಅಂತ ಇಲ್ಲಿನ ಹಳಬರು ಈಗಲೂ ಹೇಳುತ್ತಾರೆ.

ಆದರೆ ನೋಡಿ, ಆ 100 ಕೋಟಿಯಲ್ಲಿ ಬಾಸ್ಕೆಟ್‌ಬಾಲ್ ಗಳಿಸಿದ ದುಡ್ಡು ಇರಲಿಲ್ಲ. ಅದು ಜನರ ದುಡ್ಡು. ಆಟ ತಂದದ್ದು ಪ್ರೀತಿ. ಆ ಪ್ರೀತಿಯನ್ನು ಲ್ಯಾಬಾಗಿ, ಲೈಬ್ರರಿಯಾಗಿ ಮಾಡಿದ್ದು ಅಂದಿನ ಶಾಸಕರು, ಅಂದಿನ ಗವರ್ನರ್. ಆ ಕೆಲಸ ತಾನಾಗಿ ಆಗುವುದಿಲ್ಲ. ಯಾರೋ ಕೂತು ನಿರ್ಧಾರ ಮಾಡಬೇಕು. ಈಗ ಆ ಕುರ್ಚಿಯಲ್ಲಿ ಇರುವವರು ನೀವು.

2009ರ ಫೆಬ್ರವರಿಯಲ್ಲಿ, ರಾಜ್ಯದ ಬಜೆಟ್ ಕುಸಿದಿದ್ದಾಗ, ಹುಡುಗರ ತಂಡದ ಆಗಿನ ಕೋಚ್, 16 ಲಕ್ಷ ಡಾಲರ್ ಸಂಬಳದ ಜಿಮ್ ಕ್ಯಾಲ್‌ಹೂನ್ ಅವರಿಗೆ ಒಬ್ಬರು ಸಂಬಳದ ಬಗ್ಗೆ ಪ್ರಶ್ನೆ ಕೇಳಿದ್ದರು. ಅವರು ಸಿಟ್ಟಾಗಿ, ಒಂದು ಬಿಡಿಗಾಸೂ ವಾಪಸ್ ಕೊಡುವುದಿಲ್ಲ ಅಂದರು. ನಾವು ಯೂನಿವರ್ಸಿಟಿಗೆ 1 ಕೋಟಿ 20 ಲಕ್ಷ ತಂದುಕೊಡುತ್ತೇವೆ ಅಂತಲೂ ಹೇಳಿದರು. ದೇಶವೆಲ್ಲ ಆ ವಿಡಿಯೊ ನೋಡಿತು. ಅವರ ಸಿಟ್ಟು ಸರಿಯಾ ತಪ್ಪಾ ಅಂತ ಜನ ವಾದ ಮಾಡಿದರು. ನನಗೆ ಮುಖ್ಯ ಅನ್ನಿಸುವುದು ಬೇರೆ. ಬರುವುದೆಷ್ಟು, ಹೋಗುವುದೆಷ್ಟು ಅಂತ ಎಲ್ಲರಿಗೂ ಅರ್ಥವಾಗುವ ಒಂದು ಹಾಳೆ ಜನರ ಕೈಯಲ್ಲಿ ಇದ್ದಿದ್ದರೆ ಆ ಜಗಳವೇ ಆಗುತ್ತಿರಲಿಲ್ಲ.

ಆ ಹಾಳೆಯನ್ನೇ ನಾನು ಕೇಳುತ್ತಿರುವುದು. ಯೂನಿವರ್ಸಿಟಿ ವರ್ಷವರ್ಷ ಎನ್‌ಸಿಎಎಗೆ ವರದಿ ಕಳಿಸುತ್ತದೆ, ಗೊತ್ತು. ಅದು ಸಾಮಾನ್ಯ ಜನ ಓದುವಂಥದ್ದಲ್ಲ. ರಾಜ್ಯದ ಸಾರ್ವಜನಿಕ ಲೆಕ್ಕ ಪರಿಶೋಧಕರಿಂದ ಪ್ರತ್ಯೇಕವಾಗಿ ಒಂದು ಲೆಕ್ಕ ಮಾಡಿಸಿ. ಬಾಸ್ಕೆಟ್‌ಬಾಲ್ ಬೇರೆ, ಫುಟ್‌ಬಾಲ್ ಬೇರೆ, ಗಂಡಸರದು ಬೇರೆ, ಹೆಂಗಸರದು ಬೇರೆ. ಕೊರತೆ ತುಂಬಲು ವಿದ್ಯಾರ್ಥಿಗಳ ಫೀಸಿನಿಂದ ಎಷ್ಟು, ರಾಜ್ಯದ ದುಡ್ಡಿನಿಂದ ಎಷ್ಟು. ಆಟಗಾರರಿಗೆ ಕೊಡುವ ಹೊಸ ಪಾಲು ಎಲ್ಲಿಂದ. ಕಪ್ ಬಂದ ಮೇಲೆ ದಾನದಲ್ಲಿ ಓದಿಗೆ ಎಷ್ಟು ಬಂತು, ಆಟಕ್ಕೆ ಎಷ್ಟು ಬಂತು. ನಮ್ಮ ರಾಜ್ಯದ ಮಕ್ಕಳಿಗೆ ಸಿಕ್ಕ ಸೀಟು ಹೆಚ್ಚಿತಾ, ಕಡಿಮೆಯಾಯಿತಾ. ಇಷ್ಟು ಇದ್ದರೆ ಸಾಕು, ನನ್ನ ಅಮ್ಮನಿಗೂ ಕನ್ನಡದಲ್ಲಿ ಓದಿ ಹೇಳಬಲ್ಲೆ.

ಇನ್ನೊಂದು ಬೇಡಿಕೆ ನೇರವಾಗಿ ನಿಮಗೆ. ಕೋವಿಡ್ ಕಾಲದಲ್ಲಿ ವಾಷಿಂಗ್ಟನ್‌ನಿಂದ, ಅಂದರೆ ಇಲ್ಲಿನ ಕೇಂದ್ರ ಸರ್ಕಾರದಿಂದ, ಬಂದ ನೆರವು ಮುಗಿದಿದೆ, ಯೂನಿವರ್ಸಿಟಿಯ ಕೈ ಬಿಗಿಯಾಗಿದೆ. ಇಂಥ ಹೊತ್ತಿನಲ್ಲಿ ಕಪ್‌ಗಳನ್ನು ನೋಡಿ "ಇವರಿಗೇನು ಕಡಿಮೆ" ಅಂದುಕೊಳ್ಳಬೇಡಿ. ತಂಡ ಗೆಲ್ಲುವುದಕ್ಕೂ, ಕೆಮಿಸ್ಟ್ರಿ ಲ್ಯಾಬಿಗೆ ಮೇಷ್ಟ್ರು ಸಿಗುವುದಕ್ಕೂ ಸಂಬಂಧವಿಲ್ಲ. ಮುಂದಿನ ಸಲ ಕಪ್ ಬಂದಾಗ, ಮೆರವಣಿಗೆಯ ಆ ವಾರದಲ್ಲೇ, 1995ರಲ್ಲಿ ಮಾಡಿದಂತೆ ಓದಿಗೆ ಏನು ಕೊಡುತ್ತೀರಿ ಅಂತ ಶಾಸನಸಭೆಯ ಮುಂದೆ ಇಡಿ. ಜನರ ಮನಸ್ಸು ಆಗ ತುಂಬಿರುತ್ತದೆ. ಇಲ್ಲ ಅನ್ನುವವರು ಕಡಿಮೆ.

ಫೆಬ್ರವರಿಯಲ್ಲಿ ನೀವು ಬಜೆಟ್ ಮಂಡಿಸುವ ದಿನ ಆ ಲೆಕ್ಕದ ಹಾಳೆಯೂ ಜೊತೆಗಿರಲಿ. ಅದನ್ನು ಕನ್ನಡಕ್ಕೆ ತಂದು ನಮ್ಮ ಕನ್ನಡ ಕೂಟದ ಮನೆ ಮನೆಗೆ ಕಳಿಸುವ ಕೆಲಸ ನನ್ನದು.

ವಿಶ್ವಾಸದಿಂದ,
ಸ್ಟಾರ್ಸ್‌ನಲ್ಲಿ ಓದುವ ಹುಡುಗಿಯೊಬ್ಬಳ ತಾಯಿ
ಕನೆಕ್ಟಿಕಟ್