ವಿಭಕ್ತಿ ಕಲಿತವರಿಗೆ ಗ್ರೀಕ್ ದೂರದ್ದಲ್ಲ

ಮಾನ್ಯ ಸಂಪಾದಕರೆ,

ಮೂವತ್ತೊಂದು ವರ್ಷ ಉತ್ತರ ಕರ್ನಾಟಕದ ಹಳ್ಳಿ, ಪೇಟೆಗಳ ಕ್ರೈಸ್ತ ಸಭೆಗಳಲ್ಲಿ ಸಭಾಪಾಲಕನಾಗಿದ್ದು ನಿವೃತ್ತನಾದವನು ನಾನು. ಹೋದ ತಿಂಗಳು ನಮ್ಮ ಸಭೆಯ ಹಿರಿಯರೊಬ್ಬರು ಮೊಮ್ಮಗನನ್ನು ಕರೆದುಕೊಂಡು ಮನೆಗೆ ಬಂದಿದ್ದರು. ಹುಡುಗ ಹುಬ್ಬಳ್ಳಿಯಲ್ಲಿ ಬಿ.ಇ. ಮುಗಿಸಿದ್ದಾನೆ, ದೇವಸೇವೆಗೆ ಹೋಗುವ ಮನಸ್ಸಿದೆ. ಸಭಾಪಾಲಕರನ್ನು ತಯಾರು ಮಾಡುವ ಸೆಮಿನರಿ ಸೇರಿ ದೇವಶಾಸ್ತ್ರದ ಪದವಿಯಾದ ಬಿ.ಡಿ. ಓದುವುದೋ, ಆರು ತಿಂಗಳ ಆನ್‌ಲೈನ್ ಕೋರ್ಸ್ ಮಾಡಿ ಸೇವೆಗೆ ಇಳಿಯುವುದೋ ಎಂದು ಮನೆಯಲ್ಲಿ ಚರ್ಚೆ ನಡೆದಿದೆಯಂತೆ. "ಗ್ರೀಕ್, ಹೀಬ್ರೂ ಅಂತ ವರ್ಷಗಟ್ಟಲೆ ಕೂಡಬೇಕೇನ್ರಿ ಅಯ್ಯನವರ? ಎಲ್ಲಾ ಫೋನಿನಾಗ ಸಿಗತೈತಲ್ರಿ" ಎಂದ ಹುಡುಗ. ತಾತನೂ ಹೌದೆನ್ನುವಂತೆ ನನ್ನ ಮುಖ ನೋಡಿದರು. ಅವರು ಎದ್ದು ಹೋದ ಮೇಲೂ ನನಗೆ ಸಮಾಧಾನವಾಗಲಿಲ್ಲ. ಈ ಪ್ರಶ್ನೆ ಅವರ ಮನೆಯದಷ್ಟೇ ಅಲ್ಲ, ಈಗ ಎಷ್ಟೋ ಸಭೆಗಳಲ್ಲಿ ಕೇಳಿಬರುತ್ತಿದೆ. ಅದಕ್ಕಾಗಿ ಈ ಪತ್ರ.

ಸತ್ಯವೇದದ ಹಳೆಯ ಒಡಂಬಡಿಕೆಯ ಮೂಲ ಬಹುಪಾಲು ಹೀಬ್ರೂ, ಹೊಸ ಒಡಂಬಡಿಕೆಯದು ಗ್ರೀಕ್. ಅವು ಫೋನಿನಲ್ಲಿ ಸಿಗುವುದು ನಿಜ. ಆದರೆ ಏನು ಸಿಗುತ್ತದೆ ಎಂದು ನೋಡಿ. ಬಲ ಎಂಬ ಅರ್ಥದ 'ದೂನಮಿಸ್' ಎಂಬ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ. "ಡೈನಮೈಟ್ ಪದ ಬಂದದ್ದು ಇದರಿಂದಲೇ, ಆದ್ದರಿಂದ ದೇವರ ಬಲ ಎಂದರೆ ಬಂಡೆ ಸಿಡಿಸುವ ಬಲ" ಎಂಬ ಪ್ರಸಂಗವನ್ನು ನಾನು ಕೂಟಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನೊಬೆಲ್ ತನ್ನ ಸಿಡಿಮದ್ದಿಗೆ ಆ ಹೆಸರಿಟ್ಟದ್ದು 1867ರಲ್ಲಿ. ಹೊಸ ಒಡಂಬಡಿಕೆಯ ಪತ್ರಗಳನ್ನು ಅಪೊಸ್ತಲ ಪೌಲನು ಬರೆದದ್ದು ಒಂದನೆಯ ಶತಮಾನದಲ್ಲಿ. ಅದೇ ಪೌಲ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ, ಬಲವು ಬಲಹೀನತೆಯಲ್ಲೇ ಪೂರ್ಣಗೊಳ್ಳುತ್ತದೆ ಎನ್ನುವಾಗಲೂ ಬಳಸಿದ್ದು ದೂನಮಿಸ್ ಪದವನ್ನೇ. ಅಲ್ಲಿ ಯಾವ ಬಂಡೆಯೂ ಸಿಡಿಯುವುದಿಲ್ಲ. ಹಾಗೆಯೇ 'ಅಗಾಪೆ' ಎಂದರೆ ದೇವರ ನಿಷ್ಕಾಮ ಪ್ರೀತಿ ಮಾತ್ರ ಎನ್ನುತ್ತಾರೆ. ಹಳೆಯ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದದಲ್ಲಿ, ದಾವೀದನ ಮಗ ಅಮ್ನೋನನು ತನ್ನ ಮಲತಂಗಿ ತಾಮಾರಳ ಮೇಲೆ ಇಟ್ಟ ಕೆಟ್ಟ ಮೋಹಕ್ಕೂ ಅದೇ ಪದವಿದೆ. ಪದದ ಅರ್ಥ ವಾಕ್ಯದಲ್ಲಿರುತ್ತದೆ, ನಿಘಂಟಿನ ಒಂದು ಸಾಲಿನಲ್ಲಲ್ಲ. ಇದು ತಲೆಗೆ ಹೋಗಬೇಕಾದರೆ ವರ್ಷಗಟ್ಟಲೆ ವಾಕ್ಯಗಳನ್ನು ಬಿಡಿಸಿ ಓದಿರಬೇಕು.

ಇದು ವೇದಿಕೆಯ ಮೇಲಿನ ಪಾಂಡಿತ್ಯಕ್ಕೆ ಬೇಕಾದದ್ದೆಂದು ಯಾರೂ ತಿಳಿಯಬಾರದು. ಒಂದು ಸಂಜೆ ನಮ್ಮ ಸಭೆಯ ಹೆಣ್ಣುಮಗಳೊಬ್ಬಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಂದಳು. ಗಂಡ ಹೊಡೆದಿದ್ದ. ಹೊಡೆದದ್ದಕ್ಕಿಂತ ಅವನು ಆಡಿದ ಮಾತು ಆಕೆಯನ್ನು ಹೆಚ್ಚು ನೋಯಿಸಿತ್ತು. ದೇವರು ಹೆಣ್ಣನ್ನು ಗಂಡಸಿನ ಸಹಾಯಕ್ಕೆಂದೇ ಉಂಟುಮಾಡಿದ್ದಾನೆ, ಆಳು ಆಳಿನ ಹಾಗೆ ಇರಬೇಕು ಎಂದಿದ್ದನಂತೆ. "ಸತ್ಯವೇದದಾಗ ಹಂಗ ಬರದೈತೇನ್ರಿ ಅಯ್ಯನವರ?" ಎಂದು ಕೇಳಿದಳು. ನಾನು ಹೀಬ್ರೂ ಪುಸ್ತಕ ತೆಗೆದೆ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ಮೊದಲ ಹೆಣ್ಣು ಹವ್ವಳನ್ನು ಕುರಿತು ಇರುವ ಪದ 'ಏಜೆರ್', ಅಂದರೆ ಸಹಾಯ. ಹಳೆಯ ಒಡಂಬಡಿಕೆಯಲ್ಲಿ ಬಹುಪಾಲು ಕಡೆ ಈ ಪದ ಸಲ್ಲುವುದು ದೇವರಿಗೆ. ಪರ್ವತಗಳ ಕಡೆಗೆ ಕಣ್ಣೆತ್ತಿ ನನ್ನ ಸಹಾಯ ಎಲ್ಲಿಂದ ಬರುತ್ತದೆ ಎಂದು ಕೇಳುವ 121ನೆಯ ಕೀರ್ತನೆಯಲ್ಲಿರುವುದೂ ಇದೇ ಪದ. ಆ ಎರಡು ಪುಟಗಳನ್ನು ಆಕೆಯ ಮುಂದೆ ತೆರೆದಿಟ್ಟು, ಒಂದೇ ಅಕ್ಷರಗಳ ಮೇಲೆ ಬೆರಳಿಟ್ಟು ತೋರಿಸಿದೆ. ಆಕೆಗೆ ಹೀಬ್ರೂ ಬರುತ್ತಿರಲಿಲ್ಲ, ಆದರೆ ಎರಡೂ ಕಡೆ ಒಂದೇ ಗುರುತು ಇರುವುದು ಕಾಣಿಸಿತು. "ದೇವರೂ ನಮಗ ಆಳೇನು ಹಂಗಾದ್ರ?" ಎಂದಳು. ಮರುದಿನ ನಾನೂ ಇಬ್ಬರು ಹಿರಿಯರೂ ಅವರ ಮನೆಗೆ ಹೋಗಿ ಅದೇ ಪುಸ್ತಕವನ್ನು ಗಂಡನ ಮುಂದೆ ಇಟ್ಟೆವು. ಸೆಮಿನರಿಯಲ್ಲಿ ರಾತ್ರಿ ಹನ್ನೊಂದರವರೆಗೆ ಕೂತು ಹೀಬ್ರೂ ಕ್ರಿಯಾಪದ ಉರು ಹಚ್ಚಿದ್ದು ಏತಕ್ಕೆ ಎಂದು ನನಗೆ ಅಂದು ಪೂರ್ತಿ ತಿಳಿಯಿತು.

ಆ ಭಾಷೆಗಳನ್ನು ಕಲಿಸುವ ರೀತಿಯ ಬಗ್ಗೆ ಮಾತ್ರ ನನ್ನ ದೂರಿದೆ. ನಾನು ಕನ್ನಡ ಮಾಧ್ಯಮದಲ್ಲಿ ಓದಿದ ನೇಕಾರರ ಮನೆಯ ಹುಡುಗ. ಗ್ರೀಕನ್ನು ನನಗೆ ಇಂಗ್ಲಿಷಿನಲ್ಲಿ ಕಲಿಸಿದರು. ನಾಮಪದದ ಕೊನೆ ಬದಲಾಗುತ್ತದೆ, ಅದರಿಂದ ಅರ್ಥ ಬದಲಾಗುತ್ತದೆ ಎಂದು ತಿಳಿಸಲು ಪುಸ್ತಕದಲ್ಲಿ ಇಡೀ ಅಧ್ಯಾಯವಿತ್ತು. ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಇಲ್ಲದ ಆ ಪದ್ಧತಿಯನ್ನು ಇಂಗ್ಲಿಷ್ ಮೂಲಕ ಅರ್ಥಮಾಡಿಕೊಳ್ಳಲು ಹೋಗಿ ಮೊದಲ ಪರೀಕ್ಷೆಯಲ್ಲಿ ನಪಾಸಾದೆ. ರಜೆಯಲ್ಲಿ ಊರಿಗೆ ಹೋದಾಗ ಹೈಸ್ಕೂಲಿನ ನಮ್ಮ ಕನ್ನಡ ಮಾಸ್ತರರು ಪುಸ್ತಕ ತಿರುವಿ, "ಇದು ವಿಭಕ್ತಿ ಪ್ರತ್ಯಯ ಅಲ್ಲೇನೋ?" ಎಂದರು. ಅವರೇ ಪೆನ್ಸಿಲ್ ಹಿಡಿದು ಬರೆದರು: ಲೊಗೊಸ್, ವಾಕ್ಯವು. ಲೊಗೊನ್, ವಾಕ್ಯವನ್ನು. ಲೊಗೂ, ವಾಕ್ಯದ. ಲೊಗೋ, ವಾಕ್ಯಕ್ಕೆ. ಲೊಗೆ, ವಾಕ್ಯವೇ ಎಂಬ ಸಂಬೋಧನೆ. ತೃತೀಯೆಯ ಕೆಲಸವನ್ನೂ ಗ್ರೀಕಿನಲ್ಲಿ ಚತುರ್ಥಿಯೇ ಮಾಡುತ್ತದೆ ಎಂಬುದನ್ನು ಅವರು ಅರ್ಧ ತಾಸಿನೊಳಗೆ ಪತ್ತೆಹಚ್ಚಿದರು. ಅವರಿಗೆ ಅಲ್ಲಿಯವರೆಗೆ ಒಂದು ಗ್ರೀಕ್ ಅಕ್ಷರವೂ ತಿಳಿದಿರಲಿಲ್ಲ.

ಹೀಬ್ರೂವಿನ ಕತೆಯೂ ಹೀಗೆಯೇ. ಅದರ 22 ಅಕ್ಷರಗಳೂ ವ್ಯಂಜನಗಳು. ಸ್ವರಗಳನ್ನು ಅಕ್ಷರದ ಕೆಳಗೆ, ಮೇಲೆ ಚುಕ್ಕೆ, ಗೆರೆಗಳಾಗಿ ಸೇರಿಸುತ್ತಾರೆ. ತಲಕಟ್ಟು, ಗುಡಿಸು, ಕೊಂಬು ಹಚ್ಚಿ ಕಾಗುಣಿತ ಬರೆದ ಮಗುವಿಗೆ ಇದು ಹೊಸದೇನು? "ಯೆಹೋವನು ನನಗೆ ಕುರುಬನು" ಎಂದು ನಮ್ಮ ಕನ್ನಡ ಸತ್ಯವೇದದಲ್ಲಿದೆ. ಹೀಬ್ರೂವಿನಲ್ಲಿ ಇದಕ್ಕೆ ಎರಡೇ ಪದ, ದೇವರ ಹೆಸರು ಮತ್ತು 'ನನ್ನ ಕುರುಬ'. ನಡುವೆ ಕ್ರಿಯಾಪದವಿಲ್ಲ. ಕನ್ನಡಕ್ಕೂ ಅಲ್ಲಿ ಕ್ರಿಯಾಪದ ಬೇಡ. ಇಂಗ್ಲಿಷಿಗೆ ಬೇಕು. ನಮಗೆ ನೇರ ದಾರಿ ಇರುವಾಗ ಸುತ್ತುದಾರಿ ಹಿಡಿಸಿ, ಆಮೇಲೆ ಹುಡುಗರು ಸೋತರೆಂದು ಈ ವಿಷಯಗಳನ್ನೇ ಕೈಬಿಡೋಣ ಎನ್ನುವುದು ಅನ್ಯಾಯ.

ನಮ್ಮ ನಾಡಿನಲ್ಲಿ ಈ ಓದು ನಿನ್ನೆ ಮೊನ್ನೆಯದಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ 1847ರಲ್ಲೇ ಸೆಮಿನರಿ ತೆರೆದರು. ಇಂದು ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಬೇರು ಅದು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರದು. ಬಿ.ಡಿ. ಪದವಿ ಕೊಡುವ ಬಂಗಾಳದ ಸೆರಾಂಪುರ ಕಾಲೇಜಿಗೆ ಆ ಅಧಿಕಾರ 1827ರ ಡೆನ್ಮಾರ್ಕ್ ದೊರೆಯ ಸನ್ನದಿನಿಂದ ಬಂದದ್ದು. ಇನ್ನು ಕಿಟೆಲ್ಲರನ್ನು ನೆನೆಯದೆ ಹೇಗೆ ಬಿಡಲಿ? ಹೀಬ್ರೂ, ಗ್ರೀಕ್, ಲ್ಯಾಟಿನ್ ಕಲಿತ ಆ ತರುಣ 1853ರಲ್ಲಿ ಕನ್ನಡ ನಾಡಿಗೆ ಬಂದರು. 1872ರಲ್ಲಿ ಕೇಶಿರಾಜನ ವ್ಯಾಕರಣವನ್ನು ಸಂಪಾದಿಸಿಕೊಟ್ಟರು, 1894ರಲ್ಲಿ ನಿಘಂಟನ್ನು ಕೊಟ್ಟರು. ಹಳೆಯ ಪಠ್ಯವನ್ನು ಪದಪದವಾಗಿ ತೂಗಿ ಓದುವ ಆ ಶಿಸ್ತಿನ ಫಲವನ್ನು ಸಭೆಗಿಂತ ಹೆಚ್ಚಾಗಿ ಕನ್ನಡವೇ ಉಂಡಿತು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಸೆಮಿನರಿಗಳು ಗ್ರೀಕ್, ಹೀಬ್ರೂ ತಾಸುಗಳನ್ನು ಕಡಿಮೆ ಮಾಡದಿರಲಿ, ಕನ್ನಡದಲ್ಲಿ ಕಲಿಸಲಿ. ನಾನು ಓದುವಾಗ ಕನ್ನಡದಲ್ಲಿ ಬರೆದ ಗ್ರೀಕ್ ವ್ಯಾಕರಣ ನನ್ನ ಕೈಗೆ ಸಿಗಲಿಲ್ಲ. ಕುವೆಂಪು ಭಾಷಾ ಭಾರತಿ ಪ್ರಾಧಿಕಾರವೋ ಯಾವುದಾದರೂ ವಿಶ್ವವಿದ್ಯಾಲಯವೋ ಕಾಲೇಜುಗಳ ಅಧ್ಯಾಪಕರನ್ನೂ ಕನ್ನಡ ಪಂಡಿತರನ್ನೂ ಒಂದೆಡೆ ಕೂರಿಸಿ ಇಂಥ ಎರಡು ವ್ಯಾಕರಣಗಳನ್ನು ತರಲಿ. ಅವು ಕ್ರೈಸ್ತರಿಗೆ ಮಾತ್ರ ಬೇಕಾದವಲ್ಲ. ಈಜಿಪ್ಟಿನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆಯೇ ಎಂದು ಗೋವಿಂದ ಪೈಯವರಂಥವರು ಚರ್ಚಿಸಿದ ನಾಡು ಇದು. ಆ ಚರ್ಚೆಯನ್ನು ಮುಂದುವರಿಸುವವರಿಗೂ ಗ್ರೀಕ್ ಬೇಕು.

ಅಂದು ನಮ್ಮ ಮಾಸ್ತರರು ಪೆನ್ಸಿಲಿನಲ್ಲಿ ಆರಂಭಿಸಿದ್ದನ್ನು ನಾನು ಮುಂದುವರಿಸಿಕೊಂಡು ಬಂದೆ. ವಿಭಕ್ತಿ, ಕಾಲ, ಸಮಾಸಗಳನ್ನು ಕನ್ನಡದ ಹೆಸರುಗಳಲ್ಲೇ ಹೊಂದಿಸಿದ ಮೂರು ನೋಟ್‌ಬುಕ್‌ಗಳು ನನ್ನಲ್ಲಿವೆ. ಮೊದಲನೆಯದನ್ನು ಆ ಹುಡುಗ ಹೋದ ವಾರ ಬಂದು ಒಯ್ದಿದ್ದಾನೆ. ಉಳಿದ ಎರಡನ್ನು ಈ ಕೆಲಸಕ್ಕೆ ಕೈಹಾಕುವವರು ಯಾರೇ ಬಂದರೂ ಕೊಡುತ್ತೇನೆ.

ಇಂತಿ,
ನಿವೃತ್ತ ಸಭಾಪಾಲಕ,
ಧಾರವಾಡ