ಅಮ್ಮ, ಇದು ಇಸ್ಪೀಟಲ್ಲ

ಟೊರೊಂಟೊ, ಸೋಮವಾರ

ಅಮ್ಮನಿಗೆ ನಮಸ್ಕಾರ. ನಾನು ಕ್ಷೇಮ. ಅಪ್ಪನ ಮಂಡಿನೋವು ಕಮ್ಮಿಯಾಗಿದೆ ಅಂದುಕೊಂಡಿದ್ದೇನೆ.

ಪುಟ್ಟಿ ಕೈಲಿ ಬರೆಸಿದ ಕಾಗದ ಸಿಕ್ಕಿತು. "ಹುಡುಗಿ ಅಣ್ಣ ಫಾರಿನ್ನಿನಲ್ಲಿ ಕಾರ್ಡ್ ಆಡಿಸ್ತಾನಂತೆ" ಅಂತ ಪುಟ್ಟಿಗೆ ನೋಡಿರುವ ಗಂಡಿನ ಕಡೆಯವರು, ಪಾಂಡವಪುರದವರು, ಕೇಳಿದ್ದು ಓದಿ ಊಟ ಸೇರಲಿಲ್ಲ. ಅದಕ್ಕಿಂತ ಜಾಸ್ತಿ ಚುಚ್ಚಿದ್ದು, "ತಾತನ ಚಟ ನಿನಗೂ ಹತ್ತಿತಾ ಮಗನೇ" ಅಂತ ನೀನು ಬರೆಸಿದ್ದು. ನಾಲೆ ಪಕ್ಕದ ಒಂದೂವರೆ ಎಕರೆ ಗದ್ದೆ ಅಂದರ್ ಬಾಹರಿನಲ್ಲಿ ಹೋಗಿದ್ದನ್ನು ನಾನು ಮರೆತಿಲ್ಲಮ್ಮ. ಆ ಬದುವಿನ ಹತ್ತಿರ ಬಂದಾಗಲೆಲ್ಲ ನೀನು ಸೆರಗು ಬಿಗಿಯಾಗಿ ಹಿಡಿದು ಬೇಗ ಬೇಗ ನಡೆಯುತ್ತಿದ್ದೆ. ಅದನ್ನು ನೋಡಿಯೇ ಬೆಳೆದವನು ನಾನು.

ಈ ಆಟದ ಹೆಸರು ಮ್ಯಾಜಿಕ್. ರಿಚರ್ಡ್ ಗಾರ್ಫೀಲ್ಡ್ ಅಂತ ಗಣಿತ ಓದಿದವರೊಬ್ಬರು ಮಾಡಿದ್ದು, 1993ರಲ್ಲಿ ಹೊರಬಂತು. ಇಬ್ಬರಿಗೂ 20 ಪ್ರಾಣ. ಎದುರಿನವರ ಪ್ರಾಣ ಸೊನ್ನೆಗೆ ಇಳಿಸಿದರೆ ಗೆಲುವು. ತಲೆ ನರೆತವರೂ ಒಂದೊಂದು ಕಾರ್ಡಿಗೂ ಪ್ಲಾಸ್ಟಿಕ್ ಕವರ್ ಹಾಕಿ ಜೋಪಾನ ಮಾಡುತ್ತಾರೆ. ಬಾಜಿ ಕಟ್ಟುವ ಹಾಗೇ ಇಲ್ಲ. ಗೊತ್ತಿದ್ದೂ ಕಟ್ಟಿದರೆ ಸ್ಪರ್ಧೆಯಿಂದಲೇ ಹೊರಗೆ ಕಳಿಸುತ್ತಾರೆ.

ನಾನು ಅಲ್ಲಿ ಜಡ್ಜ್. ವಾರಪೂರ್ತಿ ಆಫೀಸು, ಶನಿವಾರ ಮಾತ್ರ ಇದು. ನಿಯಮಗಳೇ ಸುಮಾರು 300 ಪುಟ ಇವೆ. ಗೊತ್ತಾಗದವರು ಕೈ ಎತ್ತಿ ಕರೆಯುತ್ತಾರೆ. ನಿಯಮ ಹೇಳಬೇಕು, ಆಟ ಹೇಳಿಕೊಡಬಾರದು. ಅದೇ ಕಷ್ಟ.

ಮೊನ್ನೆ ಒಬ್ಬ ಹುಡುಗ, ನಮ್ಮ ಪುಟ್ಟಿ ವಯಸ್ಸಿನವನು, ಕರೆದ. ಎದುರಿನವನಿಗೆ ಕೇಳಿಸಬಾರದು ಅಂತ ಮೇಜಿನಿಂದ ಆಚೆ ಬಂದು ಮಾತಾಡಿದ. ಅವನ ಕೈಯಲ್ಲಿ ಲೈಟ್ನಿಂಗ್ ಬೋಲ್ಟ್, 3 ಏಟಿನ ಸಿಡಿಲು. ಎದುರಿಗೆ ಟಾರ್ಮೊಗಾಯ್ಫ್ ಅನ್ನೋ ಪ್ರಾಣಿ, 3 ಏಟಿಗೆ ಸಾಯುವಂಥದ್ದು. ಆದರೆ ಆಡಿ ಮುಗಿದ ಕಾರ್ಡುಗಳ ರಾಶಿಗೆ ಹೊಸ ಜಾತಿಯ ಕಾರ್ಡ್ ಬಿದ್ದ ಹಾಗೆಲ್ಲ ಅದು ಬಲಿಯುತ್ತದೆ. "ಏಟು ಬಿದ್ದ ಮೇಲೆ ಸಿಡಿಲಿನ ಕಾರ್ಡ್ ರಾಶಿಗೆ ಹೋಗೋದು ಮೊದಲಾ, ಪ್ರಾಣಿ ಸತ್ತಿತಾ ಅಂತ ನೋಡೋದು ಮೊದಲಾ?" ಅಂತ ಕೇಳಿದ. ಕಾರ್ಡ್ ಹೋಗೋದೇ ಮೊದಲು ಅಂದೆ. ರಾಶಿಯಲ್ಲಿ ಆ ಜಾತಿಯದು ಇನ್ನೂ ಇರಲಿಲ್ಲ. ಅಂದರೆ ಪ್ರಾಣಿ 4ಕ್ಕೆ ಏರಿ ಉಳಿದುಕೊಳ್ಳುತ್ತದೆ. ಆ ಲೆಕ್ಕ ಅವನೇ ಹಾಕಬೇಕು. ಬೆರಳು ಮಡಿಸುತ್ತಾ ಎಣಿಸಿದ. "ಹಾಗಾದರೆ ಬೇರೆ ಏನು ಹಾಕಲಿ?" ಅಂದ. ಅವನ ಕೈಯಲ್ಲಿದ್ದ ಇನ್ನೊಂದು ಕಾರ್ಡ್ ನನಗೆ ಕಾಣುತ್ತಿತ್ತು, ಅದರಿಂದ ಕೆಲಸ ಆಗುತ್ತಿತ್ತು. ಆ ಕಡೆ ಕಣ್ಣು ಹಾಯಿಸಿದರೂ ತಪ್ಪು. "ಅದು ನಿಮಗೆ ಬಿಟ್ಟಿದ್ದು" ಅಂದೆ. ನಾನು ಅವನ ಜೊತೆ ಕಳೆದಷ್ಟು ಹೊತ್ತನ್ನು ಅವರ ಆಟಕ್ಕೆ ಸೇರಿಸಿ ಕೊಟ್ಟು, ಕೈ ಕಟ್ಟಿಕೊಂಡು ನಿಂತೆ.

ಅವನು ಸೋತ. ನನಗೆ ಸಂಕಟವಾಯಿತು. ನಿಯಮ ಮುರಿದರೆ ತಕ್ಷಣ ತಡೆಯುತ್ತೇನೆ, ಪೆದ್ದು ಆಟ ಆಡಿದರೆ ಬಾಯಿ ಬಿಡೋ ಹಾಗಿಲ್ಲ. ಆಮೇಲೆ ಇಬ್ಬರೂ ಬಂದು ಥ್ಯಾಂಕ್ಸ್ ಹೇಳಿದರು. ಇಬ್ಬರೂ, ಅಮ್ಮ.

ಪಾಂಡವಪುರದವರಿಗೆ ಇದನ್ನೇ ಹೇಳು. ತಾತನ ಗದ್ದೆ ವಿಷಯ ಕೇಳಿದರೆ ಅದನ್ನೂ ಮುಚ್ಚಿಡಬೇಡ. ಬೇಕಾದರೆ ಹುಡುಗನ ಅಪ್ಪನ ಜೊತೆ ನಾನೇ ಫೋನಿನಲ್ಲಿ ಮಾತಾಡುತ್ತೇನೆ.

ಕಾಗದದ ಕೊನೆಗೆ ಪುಟ್ಟಿ ಸಣ್ಣ ಅಕ್ಷರದಲ್ಲಿ "ಅಣ್ಣ, ಒಪ್ಪಲಾ?" ಅಂತ ಬರೆದಿದ್ದಾಳೆ. ನಿನಗೆ ತೋರಿಸಿದಳೋ ಇಲ್ಲವೋ. ಅವಳಿಗೆ ನಾನು ಜಡ್ಜ್ ಅಲ್ಲ, ಅಣ್ಣ. ಅದಕ್ಕೇ ಬಾಯಿಬಿಟ್ಟು ಹೇಳುತ್ತಿದ್ದೇನೆ: ಮೈಸೂರಿನಲ್ಲಿ ಬಿ.ಎಡ್. ಮುಗಿಯುವ ತನಕ ಮದುವೆ ಬೇಡ. ಅಷ್ಟು ದಿನ ಕಾಯುತ್ತಾರಾ ಅಂತ ಮೊದಲು ಕೇಳಿಸು. ಕಾಯದಿದ್ದರೆ ಬಿಟ್ಟುಬಿಡು.

ನೀನು ಏನೂ ಯೋಚನೆ ಮಾಡಬೇಡ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ಎಲ್ಲಾ ಸರಿಯಾಗಿದೆ. ಸ್ವೆಟರ್ ಹಾಕಿಕೊಳ್ಳುತ್ತೇನೆ. ದುಡ್ಡಿಗೂ ತೊಂದರೆ ಇಲ್ಲ, ಖಂಡಿತ ಇಲ್ಲ. ಪೋಸ್ಟ್ ಆಫೀಸ್ ಮುಚ್ಚುವ ಹೊತ್ತಾಯಿತು, ಓಡುತ್ತೇನೆ. ಅಪ್ಪನಿಗೆ ನಮಸ್ಕಾರ ಹೇಳು.

ನಿನ್ನ ಮಗ,
ಕುಮಾರ